ಸಾಲವೊಂದೇ ಸಾಕೇ?

ದ್ವೀಪರಾಷ್ಟ್ರಗಳ ಬಡತನಕ್ಕೆ ಸಹಕಾರ ಸಂಘ ಹಳೆಯ ಮದ್ದು, ಒಬ್ಬೊಬ್ಬರಿಗೂ ಕಿರುಸಾಲ ಕೊಟ್ಟು ಉದ್ಯಮಿ ಮಾಡಿದರೆ ಸಾಕು ಎಂದು ಕಳೆದ ಸಂಚಿಕೆಯ ಲೇಖಕರು ತೀರ್ಪು ಕೊಟ್ಟುಬಿಟ್ಟಿದ್ದಾರೆ. ಅದಕ್ಕೂ ಮೊದಲು ಗ್ರೆನಡಾ ಕಡೆ ಒಮ್ಮೆ ಕಣ್ಣು ಹಾಯಿಸಬೇಕಿತ್ತು.

ಆ ಕೆರಿಬಿಯನ್ ದೇಶದ ಜಾಯಿಕಾಯಿ ಬೆಳೆಗಾರರ ಸಹಕಾರ ಸಂಘ ಶುರುವಾದದ್ದು 1947ರಲ್ಲಿ. ನಾಲ್ಕೇ ಮರ ಇಟ್ಟುಕೊಂಡವರಿಗೂ ಕಾಯಿ ಒಪ್ಪಿಸಿದಾಗಲೇ ಮುಂಗಡ. ವರ್ಷದ ಕೊನೆಗೆ ಲಾಭವಿದ್ದರೆ ಬೋನಸ್. ಗ್ವಾವ್ ಊರಿನ ಸಂಸ್ಕರಣಾ ಕೇಂದ್ರದಲ್ಲಿ ಕಾಯಿಯನ್ನು ವಾರಗಟ್ಟಲೆ ನೆರಳಲ್ಲಿ ಒಣಗಿಸಿ, ಚಿಪ್ಪು ಒಡೆದು, ನೀರಿಗೆ ಹಾಕುತ್ತಾರೆ. ಮುಳುಗಿದ್ದು ಗಟ್ಟಿ ಮಾಲು, ತೇಲಿದ್ದು ಎಣ್ಣೆಗೆ. ಹೆಂಗಸರು ಕೈಯಲ್ಲೇ ಆರಿಸುತ್ತಾರೆ. ಇಷ್ಟೆಲ್ಲ ಕೆಲಸ, ದಾಸ್ತಾನು, ಮೇಲೆ ಹಡಗಿನ ಬಾಡಿಗೆ. ಕಿರುಸಾಲ ಪಡೆದ ಒಂಟಿ ಬೆಳೆಗಾರ ನಿಭಾಯಿಸಿಯಾನೇ?

2004ರಲ್ಲಿ ಐವಾನ್ ಚಂಡಮಾರುತ ಅಲ್ಲಿನ ಬಹುಪಾಲು ಜಾಯಿಕಾಯಿ ಮರಗಳನ್ನು ಉರುಳಿಸಿತು. ಹೊಸ ಸಸಿ ಫಲ ಕೊಡಲು ಆರೇಳು ವರ್ಷ ಬೇಕು. ಸಾಲದ ಕಂತು ಅಲ್ಲಿಯವರೆಗೆ ಕಾಯುತ್ತದೆಯೇ?

ಸಂಘದಲ್ಲಿ ಹುಳುಕೇ ಇಲ್ಲವೆಂದಲ್ಲ. ರಫ್ತಿನ ಏಕಸ್ವಾಮ್ಯ ಸಿಕ್ಕರೆ ಯಾವ ಆಡಳಿತ ಮಂಡಳಿಯೂ ಮೈಮರೆಯಬಹುದು (ನಮ್ಮ ಸೊಸೈಟಿ ಚುನಾವಣೆಗಳನ್ನು ನೋಡಿದವರಿಗೆ ಇದೇನು ಹೊಸ ಸುದ್ದಿಯಲ್ಲ). ಅದಕ್ಕೆ ಲೆಕ್ಕ ಕೇಳಬೇಕು, ಬಾಗಿಲು ಮುಚ್ಚಿಸುವುದಲ್ಲ.

ಇನ್ನು ಕಿರು ಉದ್ಯಮದ ಮಾತು. 1999ರಲ್ಲಿ ಹುಟ್ಟಿದ ಗ್ರೆನಡಾ ಚಾಕೊಲೇಟ್ ಕಂಪನಿ ಕೋಕೊ ರೈತರನ್ನು ಸಹಕಾರದಲ್ಲಿ ಕೂಡಿಸಿಕೊಂಡು, ಬೀಜವನ್ನು ಹಾಗೇ ಹಡಗಿಗೆ ಏರಿಸದೆ ಬೆಳೆದ ನೆಲದಲ್ಲೇ ಚಾಕೊಲೇಟ್ ಮಾಡಿತು. ಉದ್ಯಮವೂ ಸಹಕಾರವೂ ಅಲ್ಲಿ ಒಂದೇ ಸೂರಿನಡಿ ಇವೆ. ಲೇಖಕರು ಇವೆರಡನ್ನು ಎದುರಾಳಿಗಳಂತೆ ನಿಲ್ಲಿಸಿದ್ದು ಯಾವ ಆಧಾರದ ಮೇಲೆ? ಮುಂದಿನ ಲೇಖನದಲ್ಲಾದರೂ ತಿಳಿಸಲಿ.