ಗೆಲುವಿನ ಘನತೆ

ದೀಪಾವಳಿ ಕಳೆಯುತ್ತಲೇ ನಮ್ಮ ಅಗಡಿಯ ಸುತ್ತಣ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯಲ್ಲಿ ಕೊಬ್ಬರಿ ಹೋರಿಗಳ ಕಾಲ ಬರುತ್ತದೆ. ಒಣಕೊಬ್ಬರಿಯ ಸರಗಳಿಂದಲೂ ಜೂಲಗಳಿಂದಲೂ ಅಲಂಕೃತವಾದ ಹೋರಿಯು ಜನಸಂದಣಿಯ ನಡುವೆ ಬಿರುಗಾಳಿಯಂತೆ ಹಾಯ್ದು ಹೋಗುವಾಗ, ಕೊಬ್ಬರಿಯನ್ನು ಹರಿದುಕೊಂಡರೆ ಗೆಲುವು ಹಿಡಿದವನದು; ಯಾರ ಕೈಗೂ ಸಿಕ್ಕದೆ ಪಾರಾದರೆ ಗೆಲುವು ಹೋರಿಯದು. ಹೋರಿ ಬಲಿಷ್ಠವಾದಷ್ಟೂ ಹಿಡಿದವನ ಕೀರ್ತಿ ಹೆಚ್ಚು, ಹಿಡಿಯಬಂದವರು ಸಾಹಸಿಗಳಾದಷ್ಟೂ ಪಾರಾದ ಹೋರಿಯ ಕೀರ್ತಿ ಹೆಚ್ಚು. ಎದುರಾಳಿಯ ಘನತೆಯೇ ಗೆಲುವಿನ ಅಳತೆ.

ಈ ಅಳತೆಯೇ ಇಂದು ತಪ್ಪುತ್ತಿದೆ. ಸೋತವನನ್ನು ಅಣಕಿಸುವುದೂ ತೀರ್ಪನ್ನೊಪ್ಪದೆ ಜಗಳಕ್ಕೆ ನಿಲ್ಲುವುದೂ ಸಾಮಾನ್ಯವಾಗುತ್ತಿವೆ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗಿನ ಆಟಗಾರರೇ ಮೋಸದಾಟದ ಆರೋಪದ ಮೇಲೆ ಬಂಧಿತರಾದುದನ್ನು ನಾಡು ಕಂಡಿತು. ಇದಕ್ಕೆಲ್ಲ ಹಣವೇ ಕಾರಣವೆನ್ನುವವರುಂಟು. ಹಣದ ಪಾಲು ಇಲ್ಲವೆನ್ನಲಾಗದು. ಆದರೆ ಷಟ್ಖಂಡವನ್ನೇ ಗೆದ್ದಿದ್ದ ಭರತನಿಗೆ ಯಾವ ಐಶ್ವರ್ಯದ ಕೊರತೆಯಿತ್ತು?

ನಮ್ಮ ನೆರೆಯ ಪುಲಿಗೆರೆಯ ತಿರುಳ್ಗನ್ನಡವನ್ನು ಮೆರೆಯಿಸಿದ ಪಂಪನು 941ರ ಆದಿಪುರಾಣದಲ್ಲಿ ಆ ಕಥೆಯನ್ನು ಹೇಳಿದ್ದಾನೆ. ಸೈನ್ಯಗಳ ಸಂಹಾರವನ್ನು ತಪ್ಪಿಸಲೆಂದು ಏರ್ಪಟ್ಟ ದೃಷ್ಟಿ, ಜಲ, ಮಲ್ಲಯುದ್ಧಗಳು ಮೂರರಲ್ಲಿಯೂ ಸೋತ ಭರತನು ನಿಯಮವನ್ನು ಮೀರಿ ತಮ್ಮನಾದ ಬಾಹುಬಲಿಯ ಮೇಲೆ ಚಕ್ರವನ್ನೆಸೆದನು. ಬಾಹುಬಲಿಯಾದರೋ, ತೋಳುಗಳಲ್ಲಿ ಎತ್ತಿಹಿಡಿದ ಅಣ್ಣನನ್ನು ನೆಲಕ್ಕಪ್ಪಳಿಸದೆ ಮೆಲ್ಲನೆ ಇಳುಹಿದ್ದನು. ಭರತನನ್ನು ಕೆಡಿಸಿದುದು ಲೋಭವಲ್ಲ, ಸೋಲನ್ನು ಅವಮಾನವೆಂದು ಭ್ರಮಿಸಿದ ಅಹಂಕಾರ. ಆ ಭ್ರಮೆಯನ್ನು ಇಂದು ಬೆಳೆಸುತ್ತಿರುವವರು ಪ್ರೇಕ್ಷಕರಾದ ನಾವೇ. ಸೋತವನು ಮುಖವೆತ್ತಿ ನಿಲ್ಲಲು ಎಡೆಯಿಲ್ಲದಂತೆ ಮಾಡಿದ ಮೇಲೆ ಅವನು ಚಕ್ರವನ್ನು ಹುಡುಕಿದರೆ ಆಶ್ಚರ್ಯವೇನು?

ಸೋಲಿಗೆ ಅಂಜದವನಿಂದ ಮಾತ್ರ ಸತ್ಯ ಸಾಧ್ಯ. 1980ರ ಮುಂಬಯಿ ಟೆಸ್ಟಿನಲ್ಲಿ ಇಂಗ್ಲೆಂಡಿನ ಬಾಬ್ ಟೇಲರರನ್ನು ಅಂಪೈರು ಔಟೆಂದ ಮೇಲೂ, ಚೆಂಡು ಬ್ಯಾಟಿಗೆ ತಗುಲಿಲ್ಲವೆಂದು ಬಲ್ಲ ಭಾರತದ ನಾಯಕ, ಭದ್ರಾವತಿಯ ಜಿ. ಆರ್. ವಿಶ್ವನಾಥ್, ಟೇಲರರನ್ನು ಮರಳಿ ಕರೆದರು. ಟೇಲರ್ ಮತ್ತು ಬೋಥಮ್ ಜೊತೆಗೂಡಿ 171 ಓಟಗಳನ್ನು ಗಳಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು. ಅಂದು ಗೆದ್ದವರ ಹೆಸರುಗಳನ್ನು ಮರೆತವರೂ ವಿಶ್ವನಾಥರ ಆ ಕರೆಯನ್ನು ನೆನೆಯುತ್ತಾರೆ.

ಗೆಲ್ಲುವ ಹಂಬಲ ಬೇಡವೆಂದಲ್ಲ. ಅದಿಲ್ಲದ ಆಟ ನಿರ್ಜೀವ. ಆದರೆ ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋರಿ ನೋಡಲು ಹೋಗುವ ತಂದೆಯು, ಕೊಬ್ಬರಿ ಹರಿದವನಿಗೆ ಕೇಕೆ ಹಾಕಿದಂತೆಯೇ, ಮೈಯೆಲ್ಲ ಮಣ್ಣಾಗಿ ಬರಿಗೈಯಲ್ಲಿ ಎದ್ದವನಿಗೂ ಶಹಬ್ಬಾಸ್ ಎನ್ನಲಿ. ಗೆಲ್ಲುವುದನ್ನು ಆ ಕೂಸು ತಾನಾಗಿ ಕಲಿತೀತು. ಸೋಲುವುದನ್ನು ನಾವೇ ಕಲಿಸಬೇಕು.