ಕಟ್ಟಿದ ಫೀಸ್‌ಗೋಸ್ಕರ ಕಾಲು ಕೊಡ್ಬೇಡಿ

1/5
ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೀರಿ. ಫೀಸ್ ಕಟ್ಟಾಗಿದೆ, ವಾಪಸ್ ಬರಲ್ಲ. ನಾಲ್ಕು ತಿಂಗಳು ಬೆಳಗ್ಗೆ ಐದಕ್ಕೆ ಎದ್ದು ಓಡಿದ್ದೀರಿ. ರೇಸ್‌ಗೆ ಇನ್ನು ಮೂರೇ ವಾರ ಅನ್ನುವಾಗ ಮೊಣಕಾಲ ಕೆಳಗೆ ಮೂಳೆ ನೋಯೋಕೆ ಶುರು. ಅಥವಾ ನೋವೇನೂ ಇಲ್ಲ, ಆದ್ರೆ ಶೂ ನೋಡಿದ್ರೇನೇ ಬೇಜಾರು. ಏನ್ಮಾಡ್ತೀರಿ?

"ಇಷ್ಟೆಲ್ಲಾ ಮಾಡಿದ್ದೀನಲ್ಲ, ಹೇಗೋ ಮುಗಿಸ್ಬಿಡ್ತೀನಿ" ಅಂತೀರಿ ತಾನೆ?

ಬಿಕಾಂ ಗೆಳೆಯರೇ, ಇದಕ್ಕೆ ನಮ್ಮ ಕಾಸ್ಟಿಂಗ್ ಪುಸ್ತಕದಲ್ಲೇ ಒಂದು ಹೆಸರಿದೆ: ಸಂಕ್ ಕಾಸ್ಟ್. ಆಗ್ಲೇ ಖರ್ಚಾಗಿ ಹೋದದ್ದು, ಇನ್ನೇನು ಮಾಡಿದ್ರೂ ವಾಪಸ್ ಬಾರದ್ದು. ಮುಂದಿನ ತೀರ್ಮಾನ ತಗೊಳ್ಳುವಾಗ ಅದನ್ನ ಲೆಕ್ಕಕ್ಕೇ ಹಿಡೀಬಾರದು. ಪರೀಕ್ಷೇಲಿ ಇದನ್ನ ಚೆನ್ನಾಗಿ ಬರೀತೀವಿ. ಕಾಲಿನ ವಿಷಯ ಬಂದ್ರೆ ಮರ್ತೇ ಹೋಗುತ್ತೆ. ಓಡಿದ್ರೂ ಫೀಸ್ ಹೋಯ್ತು, ಓಡದಿದ್ರೂ ಹೋಯ್ತು. ಉಳಿದಿರೋ ಪ್ರಶ್ನೆ ಒಂದೇ: ಈ ಕಾಲಲ್ಲಿ 42.195 ಕಿ.ಮೀ. ಓಡಿದ್ರೆ ಇನ್ಮುಂದೆ ಎಷ್ಟು ತೆರಬೇಕಾಗುತ್ತೆ?

2/5
ಎಷ್ಟು ಅಂತ ನೋಡೋಣ. ಓಡೋಕೆ ಶುರು ಮಾಡಿದ ಕೆಲವೇ ವಾರದಲ್ಲಿ ಉಸಿರು ಸುಧಾರಿಸುತ್ತೆ. ಮೂಳೆ, ಸ್ನಾಯುರಜ್ಜು ಗಟ್ಟಿಯಾಗೋಕೆ ತಿಂಗಳುಗಳೇ ಬೇಕು. ಹಾಗಾಗಿ ಎದೆ "ಇನ್ನೂ ಓಡು" ಅನ್ನುವಾಗ ಕಾಲು ತಯಾರಾಗಿರಲ್ಲ. ಓಟದ ಪೆಟ್ಟಿಗೆ ಮೂಳೆ ಸ್ವಲ್ಪ ಸ್ವಲ್ಪ ಸವೆದು ಮತ್ತೆ ಕಟ್ಟಿಕೊಳ್ಳುತ್ತೆ. ಕಟ್ಟಿಕೊಳ್ಳೋಕೆ ಬಿಡುವು ಕೊಡದಿದ್ರೆ ಸಣ್ಣ ಬಿರುಕು ಬಿಡುತ್ತೆ. ಅದೇ ಸ್ಟ್ರೆಸ್ ಫ್ರಾಕ್ಚರ್. ಶುರುವಲ್ಲಿ ಎಕ್ಸ್‌ರೇಲಿ ಕಾಣದೇನೂ ಇರಬಹುದು, ಎಂಆರ್‌ಐ ಬೇಕಾಗುತ್ತೆ.

ಎಲ್ಲಾ ನೋವಿಗೂ ಹೆದರ್ಬೇಕಾಗಿಲ್ಲ. ಎರಡೂ ಕಾಲು ಸಮನಾಗಿ ಬಿಗಿದುಕೊಂಡು, ಎರಡು ಮೂರು ದಿನದಲ್ಲಿ ಇಳಿದ್ರೆ ಅದು ಮಾಮೂಲಿ ಮೈಕೈ ನೋವು. ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ನೋವು, ಓಡ್ತಾ ಓಡ್ತಾ ಜಾಸ್ತಿ ಆಗೋದು, ಕುಂಟೋ ಹಾಗಾಗೋದು, ರಾತ್ರಿ ಮಲಗಿದಾಗಲೂ ನೋಯೋದು: ಇವುಗಳಲ್ಲಿ ಯಾವುದಿದ್ರೂ ಓಟ ನಿಲ್ಲಿಸಿ ಮೂಳೆ ಡಾಕ್ಟ್ರ ಹತ್ರ ಹೋಗಿ. ಪೇನ್‌ಕಿಲ್ಲರ್ ನುಂಗಿ ಲಾಂಗ್ ರನ್ ಮಾಡೋದಂತೂ ಬೇಡವೇ ಬೇಡ. ನೋವು ಮುಚ್ಚಿಹೋಗುತ್ತೆ, ಬಿರುಕು ಮುಚ್ಚಲ್ಲ. ಮೈಯಲ್ಲಿ ನೀರು ಕಮ್ಮಿಯಾದಾಗ ಕಿಡ್ನಿಗೂ ಹೊರೆ.

ಹುಡುಗಿಯರೇ, ಓಟ ಜಾಸ್ತಿ ಮಾಡಿದ ಮೇಲೆ ಪಿರಿಯಡ್ಸ್ ನಿಂತಿದ್ರೆ "ಫಿಟ್ ಆಗಿದ್ದೀನಿ" ಅಂದ್ಕೋಬೇಡಿ. ಓಟಕ್ಕೆ ತಕ್ಕಷ್ಟು ಊಟ ಸೇರ್ತಿಲ್ಲ ಅಂತ ಅರ್ಥ ಇರಬಹುದು. ಅದು ಮೂಳೆಗೂ ಕೆಟ್ಟದ್ದು. ಡಾಕ್ಟ್ರಿಗೆ ಹೇಳಿ.

3/5
ಬರ್ನೌಟ್‌ಗೆ ಸ್ಕ್ಯಾನ್ ಇಲ್ಲ, ಅದಕ್ಕೇ ಯಾರೂ ನಂಬಲ್ಲ. ಜಾಸ್ತಿ ಕಷ್ಟಪಟ್ರೂ ಸ್ಪೀಡ್ ಇಳೀತಾನೇ ಇರುತ್ತೆ. ಮೈ ಸುಸ್ತಾಗಿದ್ರೂ ನಿದ್ದೆ ಬರಲ್ಲ. ಸುಮ್ಸುಮ್ನೆ ಅಮ್ಮನ ಮೇಲೆ ರೇಗ್ತೀರಿ. ಮೊದಲು ಖುಷಿ ಕೊಡ್ತಿದ್ದ ಕೆರೆ ಏರಿ ಈಗ ಅಟೆಂಡೆನ್ಸ್ ಹಾಕೋ ಕ್ಲಾಸ್ ಥರ ಅನ್ಸುತ್ತೆ.

ಇದು ಸೋಮಾರಿತನ ಅಲ್ಲ. ಸೋಮಾರಿಗೆ ಓಡದಿದ್ರೆ ನೆಮ್ಮದಿ. ನಿಮಗೆ ಓಡಿದ್ರೂ ನೆಮ್ಮದಿ ಇಲ್ಲ, ಓಡದಿದ್ರೂ ಇಲ್ಲ. ಇಲ್ಲೂ ಹಳೇ ಖರ್ಚೇ ಕೈ ಹಿಡಿದು ಎಳೆಯೋದು: ಆ್ಯಪ್‌ನಲ್ಲಿ 90 ದಿನದ ಸ್ಟ್ರೀಕ್ ಇದೆ, ಹೇಗೆ ಮುರಿಯೋದು ಅಂತ. ಮುರೀರಿ. ಆ 90 ದಿನ ಓಡಿದ್ದನ್ನ ಯಾರೂ ಕಿತ್ಕೊಳ್ಳಲ್ಲ.

4/5
"ದೊಡ್ಡ ಓಟಗಾರರು ಹೀಗೆ ಬಿಡ್ತಾರಾ?" ಅಂತೀರಾ? ಬಿಡ್ತಾರೆ.

ಕೀನ್ಯಾದ ಎಲಿಯುಡ್ ಕಿಪ್ಚೋಗೆ 2016ರಲ್ಲಿ ರಿಯೋದಲ್ಲೂ ಆಮೇಲೆ ಟೋಕಿಯೋ ಒಲಿಂಪಿಕ್ಸ್‌ನಲ್ಲೂ ಮ್ಯಾರಥಾನ್ ಚಿನ್ನ ಗೆದ್ದವರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬೆನ್ನುನೋವು ಬಂದು 30 ಕಿ.ಮೀ. ಆದ ಮೇಲೆ ನಿಲ್ಲಿಸಿದ್ರು. ಇಡೀ ಜಗತ್ತು ನೋಡ್ತಾ ಇತ್ತು, ಮೂರನೇ ಚಿನ್ನದ ಆಸೆ ಇತ್ತು. ಆದ್ರೂ ನಿಲ್ಲಿಸಿದ್ರು.

ಅಮೆರಿಕದ ಡೆಸ್ ಲಿಂಡನ್ 2017ರಲ್ಲಿ ಓಟವೇ ಸಾಕಾಗಿ ಕೆಲವು ತಿಂಗಳು ದೂರ ಉಳಿದ್ರು. 2018ರ ಏಪ್ರಿಲ್‌ನಲ್ಲಿ ಚಳಿ, ಮಳೆ, ಎದುರುಗಾಳಿಯಲ್ಲಿ ಬೋಸ್ಟನ್ ಮ್ಯಾರಥಾನ್ ಗೆದ್ರು. ಸಮಯ 2 ಗಂಟೆ 39 ನಿಮಿಷ 54 ಸೆಕೆಂಡ್. 33 ವರ್ಷದ ನಂತರ ಅಲ್ಲಿ ಗೆದ್ದ ಮೊದಲ ಅಮೆರಿಕನ್ ಮಹಿಳೆ. ಬಿಡುವು ತಗೊಂಡಿದ್ದಕ್ಕೇ ಗೆದ್ರು ಅಂತ ನಾನು ಹೇಳ್ತಿಲ್ಲ. ಬಿಡುವು ತಗೊಂಡವರ ಕಥೆ ಅಲ್ಲಿಗೇ ಮುಗಿಯಲ್ಲ ಅಂತ ಹೇಳ್ತಿದ್ದೀನಿ, ಅಷ್ಟೆ.

5/5
ಬೇರೆಯವರಿಗೆ ಉಪದೇಶ ಅಂದ್ಕೋಬೇಡಿ. ನನ್ನ ಶಿನ್ ಮೂಳೇಲೂ ಸ್ಟ್ರೆಸ್ ಫ್ರಾಕ್ಚರ್ ಇದೆ. ಎಂಟು ವಾರ ಓಟ ಬೇಡ ಅಂದಿದ್ದಾರೆ ಡಾಕ್ಟ್ರು. ಬಿಬ್ ಕೈಗೆ ಬಂದ್ರೂ ಈ ಸಲ ನಾನು ಓಡ್ತಿಲ್ಲ. "ನಡ್ಕೊಂಡಾದ್ರೂ ಮೆಡಲ್ ತಗೊಂಡ್ ಬಾ" ಅಂದ್ರು ಕ್ಲಾಸಲ್ಲಿ. ಪ್ರೀತಿಯಿಂದಾನೇ ಅಂದಿದ್ದು. ಆದ್ರೂ ಬೇಡ.

ನಿಜ ಹೇಳ್ಲಾ? ಕಾಲಿಗಿಂತ ಜಾಸ್ತಿ ನೋಯೋದು ಬೇರೆ. ರನ್ನಿಂಗ್ ಗ್ರೂಪಲ್ಲಿ ಬೆಳಗ್ಗೆ ಐದಕ್ಕೆ "ಎಲ್ಲಿದ್ದೀರಾ?" ಅಂತ ಮೆಸೇಜ್ ಬರುತ್ತೆ, ಅದು ನಮಗಲ್ಲ. ಓಡದವರನ್ನ ಗ್ರೂಪು ಬೈಯಲ್ಲ, ಮೆಲ್ಲಗೆ ಮರೆಯುತ್ತೆ. ಎಷ್ಟೋ ಜನ ಅರ್ಧ ವಾಸಿಯಾದ ಕಾಲಲ್ಲೇ ವಾಪಸ್ ಓಡೋದು ಮೆಡಲ್ ಆಸೆಗಲ್ಲ, ಈ ಒಂಟಿತನ ತಡೀಲಾರದೆ ಅಂತ ನನಗನ್ಸುತ್ತೆ.

ಹಾಗಾಗಿ ಓಡ್ತಿರೋರಿಗೆ ಒಂದು ಮಾತು. ನಿಮ್ಮ ಜೊತೆ ಓಡ್ತಿದ್ದವರು ಎರಡು ವಾರ ಕಾಣದಿದ್ರೆ "ಯಾವಾಗ ವಾಪಸ್?" ಅನ್ಬೇಡಿ. "ಕೆರೆ ಹತ್ರ ಬಾ, ಓಟ ಮುಗಿಸಿ ಟೀ ಕುಡಿಯೋಣ" ಅನ್ನಿ. ರೇಸ್ ದಿನ ನೀರಿನ ಸ್ಟಾಲ್‌ನಲ್ಲಿ ನಿಲ್ಲೋಕೆ ಕರೀರಿ.

ನಿಲ್ಲಿಸಿದವರಿಗೆ: ಫೀಸ್ ಹೋಯ್ತು, ಬಿಡಿ. ಡಾಕ್ಟ್ರು ಹೂಂ ಅಂದ್ರೆ ಸೈಕಲ್ಲೋ ಈಜೋ ಶುರು ಮಾಡಿ. ಹೊಟ್ಟೆ ತುಂಬಾ ಊಟ ಮಾಡಿ, ನಿದ್ದೆ ಮಾಡಿ. ಮುಂದಿನ ವರ್ಷಾನೂ ಮ್ಯಾರಥಾನ್ ಇರುತ್ತೆ, ಕಾಲು ಮಾತ್ರ ಇದೇ ಎರಡು.

ನೀವೂ ಈ ಸೀಸನ್ ಬಿಟ್ಟಿದ್ರೆ ಕಾಮೆಂಟಲ್ಲಿ ಹೇಳಿ. ಸೇರಿ ಟೀ ಕುಡಿಯೋಣ.

#ಓಟ #ಮ್ಯಾರಥಾನ್ #ಬಿಡುವೂ_ತಯಾರಿಯೇ #ಸಂಕ್‌ಕಾಸ್ಟ್