ತಕ್ಕಡಿಗೆ ಹಾಕುವ ಮುನ್ನ

ಕಳೆದ ವಾರ ದೊಡ್ಡಬಳ್ಳಾಪುರದಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. ಗಂಡನದು ಗುಜರಿ ಅಂಗಡಿ. ನೆಲದೊಳಗಿನ ಲೋಹ ಪತ್ತೆ ಹಚ್ಚುವ ಯಂತ್ರವೊಂದನ್ನು ಮಗ ತರಿಸಿದ್ದಾನಂತೆ. ರಾತ್ರಿ ಗೆಳೆಯರೊಡನೆ ಹಾಳೂರುಗಳ ಕಡೆ ಹೋಗಿ ಅಗೆಯುವ ಮಾತು. “ಆಪಾ, ಐದನೇ ಒಂದು ಪಾಲು ಬಡವರಿಗೆ ಕೊಟ್ಟರೆ ಉಳಿದದ್ದು ಹಲಾಲ್ ಅಂತಾನೆ. ಹೌದಾ?” ಎಂದಳು.

ಹುಡುಗ ಕೇಳಿಸಿಕೊಂಡದ್ದು ಅರ್ಧ ಮಾತು. ರಿಕಾಝ್, ಅಂದರೆ ಹಿಂದಿನ ಕಾಲದವರು ಹೂತಿಟ್ಟ ನಿಧಿಯಲ್ಲಿ ಐದನೇ ಒಂದಂಶ ಸಲ್ಲಬೇಕೆಂದು ಹದೀಸ್‌ನಲ್ಲಿರುವುದು ನಿಜ. ಆದರೆ ಫಿಕ್ಹ್ ವಿದ್ವಾಂಸರು ನೆಲ ಯಾರದೆಂಬುದನ್ನೂ ಕೇಳುತ್ತಾರೆ. ಪರರ ಹೊಲವನ್ನು ಕತ್ತಲಲ್ಲಿ ಅಗೆಯುವವನಿಗೆ ಈ ಲೆಕ್ಕ ಆಸರೆಯಾಗದು. ಮೇಲಾಗಿ ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆಯಿದೆ. ಸಿಕ್ಕಿದ್ದನ್ನು ಅಧಿಕಾರಿಗಳಿಗೆ ತಿಳಿಸಲೇಬೇಕು, ಬಚ್ಚಿಟ್ಟರೆ ಶಿಕ್ಷೆ.

ಚಿನ್ನವಲ್ಲದಿದ್ದರೆ ಏನಂತೆ, ಎನ್ನುವಿರಾ? ನೆಲಮಂಗಲ ತಾಲೂಕಿನ ಮಣ್ಣೆ ಇಂದು ಒಂದು ಹಳ್ಳಿ. ಗಂಗ ಅರಸರ ಕಾಲದಲ್ಲಿ ಅದೇ ಮಾನ್ಯಪುರ, ರಾಜರ ಬೀಡು. ಅಲ್ಲಿ 797ರ ತಾಮ್ರಶಾಸನ ದೊರೆತಿದೆ. ಶ್ರೀವಿಜಯನೆಂಬ ಸೇನಾಪತಿ ಅಲ್ಲಿ ಜಿನಾಲಯ ಕಟ್ಟಿಸಿದ ಸಂಗತಿ ನಮಗೆ ತಿಳಿದಿರುವುದು ಅದರಿಂದ. ಬಿ.ಎಲ್. ರೈಸ್ 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಅಚ್ಚು ಹಾಕಿಸಿದರು. ಇಂಥ ಶಾಸನದ ತಗಡುಗಳನ್ನು ಒಂದು ಬಳೆಗೆ ಪೋಣಿಸಿ, ಬಳೆಯ ತುದಿಗಳನ್ನು ಮುದ್ರೆಯಲ್ಲಿ ಬೆಸೆಯುತ್ತಿದ್ದರು. ಗಂಗರ ಮುದ್ರೆಯ ಮೇಲೆ ಉಬ್ಬಿ ನಿಂತ ಆನೆ! ತಕ್ಕಡಿಗೆ ಮಾತ್ರ ಅದೂ ತಾಮ್ರವೇ, ಕಿಲೋಗೆ ಇಷ್ಟು.

ಇಂಗ್ಲೆಂಡಿನಲ್ಲಿ ಹೊಲದೊಡೆಯನ ಒಪ್ಪಿಗೆಯಿದ್ದರೆ ಇಂಥ ಯಂತ್ರ ಹಿಡಿದು ಹುಡುಕಬಹುದು. 2009ರಲ್ಲಿ ಸ್ಟಾಫರ್ಡ್‌ಶೈರ್‌ನ ಹೊಲವೊಂದರಲ್ಲಿ ಒಬ್ಬನಿಗೆ ಹೀಗೆಯೇ ಚಿನ್ನದ ಚೂರುಗಳು ಸಿಕ್ಕವು. ಆತ ಅಧಿಕಾರಿಗಳಿಗೆ ತಿಳಿಸಿದ. ತಜ್ಞರು ಬಂದು ಅಗೆದರು. ಸುಮಾರು 4 ಕಿಲೋ ಚಿನ್ನ, ಹೆಚ್ಚಿನವು ಕತ್ತಿಯ ಹಿಡಿಕೆಯ ಅಲಂಕಾರಗಳು. ಏಳನೇ ಶತಮಾನದ ಸುಮಾರಿನವು, ಇಲ್ಲಿ ನಮ್ಮ ಖಲೀಫರ ಕಾಲ. ಕೆಂಪು ಹರಳುಗಳಲ್ಲಿ ಕೆಲವು ಭಾರತ ಅಥವಾ ಶ್ರೀಲಂಕಾದ ಕಡೆಯಿಂದ ಹೋದವೆನ್ನುತ್ತಾರೆ. ಸುಮಾರು 33 ಲಕ್ಷ ಪೌಂಡ್ ಬೆಲೆ ಕಟ್ಟಿ, ಆತನಿಗೂ ಹೊಲದೊಡೆಯನಿಗೂ ಹಂಚಿದರು.

ಇದನ್ನೆಲ್ಲ ಮಗನಿಗೆ ಹೇಳು, ಯಂತ್ರ ಹಿಂದಿರುಗಿಸಲಿ ಎಂದೆ. ಅಂಗಡಿಗೆ ಅಕ್ಷರ, ಚಿತ್ರವಿರುವ ಹಳೆಯ ಲೋಹ ಬಂದರೆ ತಹಶೀಲ್ದಾರರಿಗೆ ತಿಳಿಸುವಂತೆ ಗಂಡನಿಗೂ ಹೇಳು ಎಂದೆ.

ಆಕೆ ಬುರ್ಖಾ ಸರಿಪಡಿಸಿಕೊಳ್ಳುತ್ತಾ ಸುಮ್ಮನೆ ನಿಂತಳು. “ಎರಡು ವರ್ಷದ ಕೆಳಗೆ ಬಂದಿತ್ತು ಆಪಾ. ಮೂರು ತಗಡು, ಒಂದು ಬಳೆ. ಕರಗಿಸೋರಿಗೆ ಕೊಟ್ಟುಬಿಟ್ರು.”

ಏನು ಬರೆದಿತ್ತು ಎಂದು ಕೇಳಿದೆ. ಯಾರೂ ನೋಡಿರಲಿಲ್ಲ.